ನಾಲ್ಕು ಮಳೆಗಾಲ ಕಂಡ ನೆಟ್ ಬ್ಯಾಗು

ವಾರದಲ್ಲಿ ಐದು ದಿನ ನಾನು ಮಂಗಳೂರಿನ ಹಾಸ್ಟೆಲ್ಲಿನಲ್ಲಿರುತ್ತೇನೆ. ಶನಿವಾರ ಬಸ್ಸು ಹತ್ತಿ, ಆಗುಂಬೆ ಘಾಟಿ ಏರಿ ತೀರ್ಥಹಳ್ಳಿಯ ಮನೆ ಸೇರುತ್ತೇನೆ. ಹೋದಲ್ಲೂ ಮಳೆ, ಬಂದಲ್ಲೂ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಟವೆಲ್ ಒಣಗಿಸುವುದೇ ದೊಡ್ಡ ಕೆಲಸ. ಸೋಪು, ಬ್ರಶ್ಶು, ಶಾಂಪೂ ಇಡುವ ಬ್ಯಾಗು ಒಣಗಿದ್ದನ್ನು ಮಾತ್ರ ನಾನು ನೋಡಿರಲೇ ಇಲ್ಲ.

ಮೊದಲು ಅಂಗಡಿಯಿಂದ ಒಂದು ಬ್ಯಾಗು ತಂದಿದ್ದೆ. ಹೊರಗೆ ನೀರು ಹೋಗದ ಬಟ್ಟೆ, ಒಳಗೆ ಲೈನಿಂಗ್. ನೀರನ್ನು ಒಳಗೆ ಬಿಡದ ಬಟ್ಟೆ ಒಳಗಿನ ನೀರನ್ನು ಹೊರಗೂ ಬಿಡಲ್ಲ ಅಲ್ವಾ? ಒದ್ದೆ ಸೋಪು ಡಬ್ಬಿ ಇಟ್ಟು ಇಟ್ಟು ಎರಡೇ ತಿಂಗಳಿಗೆ ಲೈನಿಂಗಿಗೆ ಬೂಷ್ಟು ಹಿಡಿಯಿತು. ಬ್ರಶ್ಶಿಗೂ ಮುಗ್ಗಲು ವಾಸನೆ. ಹಲ್ಲುಜ್ಜುವ ವಸ್ತುವನ್ನು ಅದರಲ್ಲಿಡಲು ಮನಸ್ಸೇ ಬರಲಿಲ್ಲ.

2022ರ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಅಮ್ಮನ ಉಷಾ ಮಷೀನಿನಲ್ಲಿ ಕೂತು ನಾನೇ ಒಂದು ಹೊಲಿದೆ. ಅಗಲ 10 ಇಂಚು, ಎತ್ತರ 8 ಇಂಚು, ಅಡಿಭಾಗ 3 ಇಂಚು. ಎಲ್ಲಾ ಸಾಮಾನು ಸೇರಿ ಖರ್ಚಾಗಿದ್ದು 140 ರೂಪಾಯಿ. ಈಗ ನಾಲ್ಕು ಮಳೆಗಾಲ ದಾಟಿದೆ. ಬ್ಯಾಗು ಇನ್ನೂ ದಿನಾ ಬಳಕೆಯಲ್ಲಿದೆ. ಇಷ್ಟು ದಿನದ ಅನುಭವ ಬರೆಯುವಷ್ಟಿದೆ ಅನಿಸಿತು.

ನೆಟ್ ಆರಿಸುವಾಗ ಮೊದಲು ಕಣ್ಣಿಗೆ ಬಿದ್ದಿದ್ದು ಸೊಳ್ಳೆ ಪರದೆಯ ಬಟ್ಟೆ. ಅದು ಬೇಡ. ತೂತು ತುಂಬಾ ಸಣ್ಣ, ಸೋಪಿನ ಜಿಗುಟು ಕೂತರೆ ಮುಚ್ಚಿಹೋಗುತ್ತದೆ. ತೀರಾ ದೊಡ್ಡ ತೂತಿದ್ದರೆ ಬ್ರಶ್ಶಿನ ಹಿಡಿ ಹೊರಗೆ ಇಣುಕುತ್ತದೆ. ನಾನು ತಂದಿದ್ದು ಎರಡು ಮಿಲಿಮೀಟರ್ ತೂತಿನ ಪಾಲಿಯೆಸ್ಟರ್ ನೆಟ್, ವಾಷಿಂಗ್ ಮಷೀನಿಗೆ ಸಣ್ಣ ಬಟ್ಟೆ ಹಾಕುವ ಚೀಲಗಳಿಗೆ ಬಳಸುವಂಥದ್ದು. ಅದು ನೇಯ್ದ ಬಟ್ಟೆಯಲ್ಲ, ಹೆಣೆದದ್ದು. ಹಾಗಾಗಿ ಕತ್ತರಿಸಿದ ಅಂಚಿನಲ್ಲಿ ಎಳೆ ಬಿಟ್ಟುಕೊಳ್ಳುವುದಿಲ್ಲ.

ಹೊಲಿಯುವಾಗ ತುಂಬಾ ತೊಂದರೆ ಕೊಟ್ಟಿದ್ದೂ ಇದೇ ನೆಟ್. ಮಷೀನಿನ ಹಲ್ಲು ತೂತಿಗೆ ಸಿಕ್ಕಿಕೊಂಡು ಬಟ್ಟೆಯನ್ನು ಕೆಳಗೆ ಎಳೆಯುತ್ತದೆ, ಹೊಲಿಗೆ ಗುಪ್ಪೆಯಾಗುತ್ತದೆ. ಅಮ್ಮ ಬಂದು, ನೆಟ್ಟಿನ ಅಡಿಗೆ ಪೇಪರ್ ಪಟ್ಟಿ ಇಟ್ಟು ಹೊಲಿ ಅಂದರು. ಪೇಪರಿನ ಸಮೇತ ಹೊಲಿದು, ಆಮೇಲೆ ಹರಿದು ತೆಗೆಯುವುದು. ನೇರವಾಗಿ ಬಂತು. ನ್ಯೂಸ್‌ಪೇಪರ್ ಬೇಡ, ಶಾಯಿ ಹತ್ತುತ್ತದೆ. ಬಿಳಿ ಹಾಳೆ ಸಾಕು. ಹೊಲಿಗೆ ಸ್ವಲ್ಪ ಉದ್ದ ಇಟ್ಟುಕೊಳ್ಳಿ, ದಾರ ಪಾಲಿಯೆಸ್ಟರಿನದೇ ಇರಲಿ. ಹತ್ತಿ ದಾರ ಸದಾ ನೆನೆದರೆ ಕೊಳೆಯುತ್ತದೆ.

ಇಷ್ಟು ತಿಳಿದೂ ನಾನು ಪೈಪಿಂಗಿಗೆ, ಅಂದರೆ ಅಂಚನ್ನು ಸುತ್ತಿ ಹೊಲಿಯುವುದಕ್ಕೆ, ಮನೆಯಲ್ಲಿದ್ದ ಹತ್ತಿ ಪಟ್ಟಿ ಹಾಕಿದೆ. ಬಣ್ಣ ಚೆನ್ನಾಗಿತ್ತು ಅಂತ. ಮೊದಲ ಮಳೆಗಾಲದಲ್ಲೇ ಅದರ ಫಲ ಕಾಣಿಸಿತು. ಬೆಳಗ್ಗೆ ಏಳಕ್ಕೆ ಸ್ನಾನ ಮುಗಿಸಿ ಬ್ಯಾಗನ್ನು ಕಿಟಕಿಗೆ ತೂಗುಹಾಕಿದರೆ, ಆಫೀಸಿಗೆ ಹೊರಡುವಷ್ಟರಲ್ಲಿ ನೆಟ್ ಒಣಗಿರುತ್ತಿತ್ತು. ಅಂಚು ಮಾತ್ರ ಸಂಜೆಗೂ ತಣ್ಣಗೆ. ನೂರು ಗ್ರಾಂ ಹತ್ತಿ ಸಾಧಾರಣ ಗಾಳಿಯಿಂದಲೇ ಸುಮಾರು 8 ಗ್ರಾಂ ತೇವ ಹೀರಿಕೊಳ್ಳುತ್ತದೆ, ನೈಲಾನ್ ಸುಮಾರು 4 ಗ್ರಾಂ, ಪಾಲಿಯೆಸ್ಟರ್ ಅರ್ಧ ಗ್ರಾಮಿಗಿಂತ ಕಡಿಮೆ. ಅದರ ಮೇಲೆ ಪೈಪಿಂಗ್ ಅಂದರೆ ನಾಲ್ಕು ಪದರ ಬಟ್ಟೆ ಒಂದೇ ಕಡೆ. ನೀರು ನಿಲ್ಲಲು ಅದಕ್ಕಿಂತ ಒಳ್ಳೆ ಜಾಗ ಬೇಕಾ? ಎರಡನೇ ಮಳೆಗಾಲ ಮುಗಿಯುವಾಗ ಅಡಿಯ ಪಟ್ಟಿ ಕಪ್ಪಾಗಿ, ಬೆರಳಲ್ಲಿ ಎಳೆದರೆ ಹರಿಯುವ ಹಾಗಾಯಿತು.

ದೀಪಾವಳಿ ರಜೆಯಲ್ಲಿ ಪೂರ್ತಿ ಬಿಚ್ಚಿ, ತೆಳು ಪಾಲಿಯೆಸ್ಟರ್ ರಿಬ್ಬನ್ ಕೂರಿಸಿದೆ. ಅಂಚನ್ನು ಮಡಿಚಲಿಲ್ಲ, ಒಂದೇ ಪದರ. ಆಮೇಲೆ ಜುಲೈ ತಿಂಗಳಲ್ಲೂ ಬ್ಯಾಗು ಒಂದೂವರೆ, ಎರಡು ಗಂಟೆಯಲ್ಲಿ ಪೂರ್ತಿ ಒಣಗುತ್ತಿದೆ. ಬೇಗ ಒಣಗುವ ಬ್ಯಾಗು ಬೇಕಿದ್ದರೆ ನೆಟ್ ಯಾವುದು ಅಂತ ಯೋಚಿಸುವಷ್ಟೇ ಹೊತ್ತು ಅಂಚು, ಮೂಲೆ, ಮಡಿಕೆಗಳ ಬಗ್ಗೆಯೂ ಯೋಚಿಸಿ. ಆಮೇಲೆ ತಂಗಿಗೆ ಹೊಲಿದ ಬ್ಯಾಗಿಗೆ ಅಡಿಯಲ್ಲಿ ಹೊಲಿಗೆಯನ್ನೇ ಇಟ್ಟಿಲ್ಲ. ಒಂದೇ ಉದ್ದ ತುಂಡನ್ನು ಮಡಿಚಿ, ಎರಡು ಪಕ್ಕ ಮಾತ್ರ ಹೊಲಿದೆ. ಅದು ನನ್ನದಕ್ಕಿಂತ ಬೇಗ ಒಣಗುತ್ತದೆ, ಆದರೆ ನೆಟ್ಟಗೆ ನಿಲ್ಲುವುದಿಲ್ಲ.

ನನಗೆ ತುಂಬಾ ಉಪಯೋಗಕ್ಕೆ ಬಂದದ್ದು ತಲೆಕೆಳಗಾಗಿ ತೂಗುಹಾಕುವ ಕುಣಿಕೆ. ಮೇಲೊಂದು, ಅಡಿಯ ಮೂಲೆಯಲ್ಲಿ ಇನ್ನೊಂದು. ಸ್ನಾನವಾದ ಮೇಲೆ ಸಾಮಾನು ತೆಗೆದು, ಜಿಪ್ ಬಿಚ್ಚಿ, ಬ್ಯಾಗನ್ನು ತಿರುಗಿಸಿ ಮೊಳೆಗೆ ಸಿಕ್ಕಿಸುತ್ತೇನೆ. ಅಡಿಯಲ್ಲಿ ಸೇರಿದ ನೀರೆಲ್ಲ ಬಾಯಿಯಿಂದ ಇಳಿದುಹೋಗುತ್ತದೆ.

ಜಿಪ್ಪಿನ ಹಲ್ಲು ಪ್ಲಾಸ್ಟಿಕ್ಕಿನದು, ಅದಕ್ಕೆ ಏನೂ ಆಗಿಲ್ಲ. ರನ್ನರ್ ಮಾತ್ರ ಲೋಹದ್ದು. ಮೂರನೇ ವರ್ಷ ಅದು ತುಕ್ಕು ಹಿಡಿದು ಬಿಗಿಯಾಯಿತು. ಮೇಣದಬತ್ತಿ ಉಜ್ಜಿದೆ, ಕೆಲವು ತಿಂಗಳು ನಡೆಯಿತು. ಆಮೇಲೆ ರನ್ನರ್ ಒಂದನ್ನೇ ಬದಲಾಯಿಸಿದೆ. ಮೀಟರ್ ಲೆಕ್ಕದಲ್ಲಿ ಜಿಪ್ ಮಾರುವ ಅಂಗಡಿಯಲ್ಲಿ ರನ್ನರ್ ಬಿಡಿಯಾಗಿ ಸಿಗುತ್ತದೆ. ಜಿಪ್ಪಿನ ನಂಬರ್ ಹೇಳಿ ತನ್ನಿ, ನನ್ನದು 5.

ಕೊರತೆಯೂ ಇದೆ. ನೆಟ್ ಆದ್ದರಿಂದ ಒಳಗಿದ್ದದ್ದೆಲ್ಲ ಕಾಣುತ್ತದೆ. ಹಾಸ್ಟೆಲ್ಲಿನ ಸಾಮಾನ್ಯ ಬಾತ್‌ರೂಮಿಗೆ ಪ್ಯಾಡ್ ಇಟ್ಟುಕೊಂಡು ಹೋಗಲು ನನಗೆ ಮುಜುಗರವಾಗುತ್ತಿತ್ತು. ಕಡ್ಡಿ ಮುರಿದ ಹಳೇ ಛತ್ರಿಯ ಬಟ್ಟೆಯಿಂದ ಒಳಗೊಂದು ಜೇಬು ಹೊಲಿದೆ. ಛತ್ರಿ ಬಟ್ಟೆಗೆ ನೀರು ಹಿಡಿಯುವುದಿಲ್ಲ, ಕೊಡವಿದರೆ ಮುಗಿಯಿತು. ಎಲ್ಲರ ಮನೆಯಲ್ಲೂ ಅಂಥದ್ದೊಂದು ಛತ್ರಿ ಮೂಲೆಯಲ್ಲಿ ಇದ್ದೇ ಇರುತ್ತದೆ, ಸುಮ್ನೆ ಎಸೆಯಬೇಡಿ.

ಇನ್ನೊಂದು, ಸ್ನಾನ ಮಾಡಿದ ತಕ್ಷಣ ಬಸ್ಸು ಹಿಡಿಯಬೇಕಾದಾಗ ಇದನ್ನು ಹಾಗೇ ದೊಡ್ಡ ಬ್ಯಾಗಿನೊಳಗೆ ಇಡಲು ಆಗುವುದಿಲ್ಲ, ಬಟ್ಟೆಗೆಲ್ಲ ನೀರಾಗುತ್ತದೆ. ಒಂದು ಪ್ಲಾಸ್ಟಿಕ್ ಕವರ್ ಜೊತೆಗಿರಬೇಕು, ತಲುಪಿದ ಕೂಡಲೇ ಹೊರಗೆ ತೆಗೆಯಬೇಕು. ಘಾಟಿಯ ತಿರುವಿನಲ್ಲಿ ಒಮ್ಮೆ ಶಾಂಪೂ ಮುಚ್ಚಳ ಬಿಚ್ಚಿಕೊಂಡು ಎಲ್ಲಾ ಸುರಿದಿತ್ತು. ಅಂಗಡಿಯ ಬ್ಯಾಗಾಗಿದ್ದರೆ ಲೈನಿಂಗಿನಲ್ಲಿ ವಾರವೆಲ್ಲ ನೊರೆ ಬರುತ್ತಿತ್ತು. ಇದನ್ನು ನಲ್ಲಿ ಕೆಳಗೆ ಹಿಡಿದೆ, ಹೋಯಿತು. ರೇಜರಿಗೆ ಮುಚ್ಚಳ ಹಾಕದೆ ಇಟ್ಟು ಒಂದು ಕಡೆ ನೆಟ್ ಹರಿದಿದೆ, ಅಲ್ಲಿ ಕೈಹೊಲಿಗೆ ಹಾಕಿದ್ದೇನೆ. ತಿಂಗಳಿಗೊಮ್ಮೆ ಬಿಸಿನೀರಲ್ಲಿ ನೆನೆಸಿ, ಹಳೇ ಬ್ರಶ್ಶಿನಿಂದ ಉಜ್ಜಿದರೆ ಸೋಪಿನ ಜಿಗುಟು ಹೋಗುತ್ತದೆ.

ಈಗ ಅಮ್ಮನಿಗೂ ಒಂದು ಬೇಕಂತೆ. ನಮ್ಮ ಬಚ್ಚಲುಮನೆಯ ಗೂಟ ದಪ್ಪ, ಕುಣಿಕೆ ದೊಡ್ಡದಿರಲಿ ಅಂದಿದ್ದಾರೆ. ಆ ಗೂಟ ಹಂಡೆ ಒಲೆಯ ಪಕ್ಕಕ್ಕೇ ಇದೆ, ಬೆಂಕಿಯ ಶಾಖಕ್ಕೆ ಪಾಲಿಯೆಸ್ಟರ್ ಕರಗುತ್ತದೆ. ಈ ಶನಿವಾರ ಹೋದಾಗ ಮೊದಲು ಕಿಟಕಿಯ ಹತ್ತಿರ ಇನ್ನೊಂದು ಗೂಟ ಹೊಡೆಯಬೇಕು.