ಎಚ್‌ಪಿಎಂಕೆ ಕಿಟ್: ಆಂಬ್ಯುಲೆನ್ಸ್ ಸಿಬ್ಬಂದಿಯ ತರಬೇತಿಗೆ ಎಷ್ಟು ಒದಗುತ್ತದೆ?

ರಕ್ತ ಹರಿದುಹೋದ ಗಾಯಾಳುವಿನ ಮೈ ಬೇಸಿಗೆಯ ರಾಯಚೂರಿನಲ್ಲೂ ತಣ್ಣಗಾಗುತ್ತದೆ. ಇದು ಚಳಿ ನಾಡಿನವರ ಪಾಠ ಎಂದು ಪಕ್ಕಕ್ಕಿಡುವುದು ದೊಡ್ಡ ತಪ್ಪು. ಗಾಯಾಳುವಿನ ಮೈಶಾಖ 36 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಹೈಪೋಥರ್ಮಿಯಾ ಎಂದೇ ಲೆಕ್ಕ. ಮೈ ತಣ್ಣಗಾದಷ್ಟೂ ರಕ್ತ ಹೆಪ್ಪುಗಟ್ಟುವುದು ನಿಧಾನವಾಗುತ್ತದೆ, ಸ್ರಾವ ಹೆಚ್ಚುತ್ತದೆ, ಮೈ ಮತ್ತೂ ತಣ್ಣಗಾಗುತ್ತದೆ.

ಇದನ್ನು ತಡೆಯಲೆಂದೇ ಇರುವುದು ಎಚ್‌ಪಿಎಂಕೆ, ಅಂದರೆ ಹೈಪೋಥರ್ಮಿಯಾ ತಡೆ ಮತ್ತು ನಿರ್ವಹಣೆಯ ಕಿಟ್. ಅಮೆರಿಕದ ಸೇನೆಯಲ್ಲಿ ಬಳಕೆಯಲ್ಲಿರುವ, ನಾರ್ತ್ ಅಮೆರಿಕನ್ ರೆಸ್ಕ್ಯೂ ಕಂಪನಿಯ ಈ ಕಿಟ್‌ನಲ್ಲಿ ಇರುವುದು ಎರಡೇ ವಸ್ತು. ಒಂದು, ತಲೆಗೆ ಟೋಪಿಯಿರುವ, ಶಾಖ ಹಿಂತಿರುಗಿಸುವ ಹೊರಚೀಲ. ಇನ್ನೊಂದು ರೆಡಿ-ಹೀಟ್ ಎಂಬ ತಾನೇ ಬಿಸಿಯಾಗುವ ಹೊದಿಕೆ.

ಹೊರಚೀಲಕ್ಕೆ ಪೂರ್ತಿ ಅಂಕ ಕೊಡಬಹುದು. ವೆಲ್ಕ್ರೋ ಬಿಚ್ಚಿ ಟೂರ್ನಿಕೆಟ್ (ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಪಟ್ಟಿ) ಅಥವಾ ಐವಿ ಲೈನ್ (ರಕ್ತನಾಳಕ್ಕೆ ದ್ರವ ಹರಿಸುವ ಕೊಳವೆ) ನೋಡಿ, ತಕ್ಷಣ ಮುಚ್ಚಬಹುದು. ಬರೀ ಫಾಯಿಲ್ ಹೊದಿಕೆಗೆ ಈ ಅನುಕೂಲವಿಲ್ಲ, ಗಾಳಿಗೆ ಹಾರಿ ಹರಿಯುತ್ತದೆ.

ಬಿಸಿ ಹೊದಿಕೆಯ ವಿಷಯದಲ್ಲೇ ತರಬೇತಿಯ ತೂಕ ಇರಬೇಕು. ಒಳಗಿನ ಪುಡಿ ಗಾಳಿ ತಾಗಿದ ಮೇಲಷ್ಟೇ ಕಾಯುತ್ತದೆ, ಪೂರ್ತಿ ಬಿಸಿಯೇರಲು ಹದಿನೈದು ನಿಮಿಷವಾದರೂ ಬೇಕು. ರೋಗಿಯನ್ನು ಸ್ಟ್ರೆಚರಿಗೆ ಹಾಕಿದ ಮೇಲೆ ಪ್ಯಾಕೆಟ್ ಹರಿದರೆ ಹತ್ತಿರದ ಆಸ್ಪತ್ರೆ ಬರುವಷ್ಟರಲ್ಲಿ ಅದಿನ್ನೂ ಉಗುರುಬೆಚ್ಚಗೆ. ಸ್ಥಳಕ್ಕೆ ಹೊರಟಾಗಲೇ ತೆರೆಯಬೇಕು. ಪ್ಯಾಕೆಟ್ ತೂತಾಗಿದ್ದರೆ ಮೊದಲೇ ಗಾಳಿ ಹೊಕ್ಕು, ಒಳಗಿನ ಪ್ಯಾಡ್ ಗಟ್ಟಿ ಹೆಂಟೆಯಾಗಿ ಕೈಗೆ ಸಿಗುತ್ತದೆ. ಅದು ಸತ್ತ ಸರಕು. ಪಾಳಿ ಶುರುವಿನ ತಪಾಸಣೆಯಲ್ಲೇ ಒತ್ತಿ ನೋಡಿ ಬದಲಿಸಬೇಕು. ಬರಿ ಚರ್ಮಕ್ಕೆ ತಾಗಿಸಿದರೆ ಸುಡುತ್ತದೆ. ಬೆನ್ನ ಕೆಳಗೆ ಇಟ್ಟರಂತೂ ಒತ್ತಡವೂ ಶಾಖವೂ ಸೇರಿ ಬೊಬ್ಬೆ. ತೆಳು ಬಟ್ಟೆಯ ಮೇಲೆ, ಎದೆ ಮತ್ತು ಕಂಕುಳಿನ ಕಡೆಗೆ ಇರಿಸಿ.

ಕಿಟ್‌ನ ದೊಡ್ಡ ಕೊರತೆ ಬೆನ್ನ ಕೆಳಗೆ. ತಣ್ಣನೆ ನೆಲ, ಸ್ಪೈನ್ ಬೋರ್ಡ್ (ಗಾಯಾಳುವನ್ನು ಮಲಗಿಸಿ ಒಯ್ಯುವ ಗಟ್ಟಿ ಹಲಗೆ) ಎಳೆದುಕೊಳ್ಳುವ ಶಾಖ ತಡೆಯಲು ದಪ್ಪನೆಯ ಪದರವೇ ಇಲ್ಲ. ನಮ್ಮ ಕುರಿ ಕಂಬಳಿ ಇಲ್ಲಿ ಬಹಳ ಒದಗುತ್ತದೆ. ತೇವವಾದರೂ ಹತ್ತಿಯಷ್ಟು ಬೇಗ ಸೋಲುವುದಿಲ್ಲ. ಸ್ಟ್ರೆಚರ್ ಮೇಲೆ ಮೊದಲು ಹೊರಚೀಲ ಬಿಡಿಸಿ, ಅದರ ಮೇಲೆ ಮಡಿಸಿದ ಕಂಬಳಿ ಹಾಸಿಟ್ಟರೆ ರೋಗಿಯನ್ನು ಒಮ್ಮೆ ಮಾತ್ರ ಹೊರಳಿಸಿದರೆ ಸಾಕು. ಈ ಹಾಸುವಿಕೆಯೇ ತರಬೇತಿಯಲ್ಲಿ ಅತಿ ಹೆಚ್ಚು ತಪ್ಪುವ ಹೆಜ್ಜೆ, ಹತ್ತು ಸಲವಾದರೂ ಮಾಡಿಸಬೇಕು.

ಕ್ರಮ ಹೀಗಿರಲಿ: ರಕ್ತ ನಿಲ್ಲಿಸಿ, ಉಸಿರು ನೋಡಿ, ಒದ್ದೆ ಬಟ್ಟೆ ಕತ್ತರಿಸಿ ತೆಗೆಯಿರಿ, ಒರೆಸಿ, ಪರೀಕ್ಷೆ ಮುಗಿದ ಭಾಗವನ್ನು ಕೂಡಲೇ ಮುಚ್ಚಿ. ಬಟ್ಟೆ ತೆಗೆದವನೇ ಹೊದಿಸುವ ಹೊಣೆಯನ್ನೂ ಹೊರಬೇಕು. ಇಲ್ಲದಿದ್ದರೆ ಮೈ ಬರಿದಾಗಿಯೇ ಉಳಿಯುತ್ತದೆ. ವಾಹನದ ಎ.ಸಿ. ಆರಿಸಿ, ಸಿಬ್ಬಂದಿ ಬೆವರಿದರೂ ಸರಿ. ಕೋಣೆಯ ಉಷ್ಣತೆಯ ಒಂದು ಲೀಟರ್ ಸಲೈನ್ ಮೈಶಾಖವನ್ನು ಸುಮಾರು 0.25 ಡಿಗ್ರಿ ಇಳಿಸುತ್ತದೆ. ಬ್ಯಾಗನ್ನು 39 ಡಿಗ್ರಿಗೆ ಕಾಯಿಸಿದರೂ ನಿಧಾನವಾಗಿ ಬಿಟ್ಟರೆ ಟ್ಯೂಬಿನಲ್ಲೇ ಆರಿಹೋಗುತ್ತದೆ, ಆದ್ದರಿಂದ ಇನ್‌ಲೈನ್ ವಾರ್ಮರ್ (ಟ್ಯೂಬಿಗೇ ಜೋಡಿಸಿ ಹರಿಯುವ ದ್ರವವನ್ನು ಬಿಸಿಮಾಡುವ ಸಾಧನ) ಇದ್ದರೆ ರೋಗಿಗೆ ಹತ್ತಿರ ಜೋಡಿಸಿ. ಮೈಶಾಖ 28 ಡಿಗ್ರಿಗಿಂತ ಕೆಳಗಿದೆ ಎಂಬ ಶಂಕೆಯಿದ್ದರೆ ಎತ್ತಿಳಿಸುವುದು ಮೆಲ್ಲಗೆ. ಕುಲುಕಾಟಕ್ಕೆ ಹೃದಯದ ಲಯ ಕೆಡಬಹುದು.

ಬಿಸಿ ಹೊದಿಕೆ ಒಂದೇ ಸಲದ ಸರಕು, ಹಾಗಾಗಿ ಪ್ರತಿ ಬ್ಯಾಚಿಗೂ ಹೊಸದು ಹರಿಯುವುದು ದುಬಾರಿ. ಒಂದನ್ನು ಮಾತ್ರ ತೆರೆದು, ಬಿಸಿಯಾಗಲು ಹಿಡಿಯುವ ಹೊತ್ತನ್ನು ಗಡಿಯಾರ ಹಿಡಿದು ತೋರಿಸಿ. ಆರಿದ ಮೇಲೆ ಅದನ್ನೇ ಅಭ್ಯಾಸಕ್ಕೆ ಇಟ್ಟುಕೊಳ್ಳಿ. ಹಣೆಗೆ ಹಿಡಿಯುವ ಥರ್ಮಾಮೀಟರನ್ನಂತೂ ನಂಬಬೇಡಿ: ಚರ್ಮ ತಣ್ಣಗಾದಾಗ ಅದು ಒಳಮೈಯ ಸುಳಿವನ್ನೇ ಕೊಡುವುದಿಲ್ಲ.