ಜೂನ್‌ನವರ ಉಂಗುರಕ್ಕೆ ಯಾವುದು: ಮುತ್ತಾ, ಮೂನ್‌ಸ್ಟೋನಾ, ಅಲೆಕ್ಸಾಂಡ್ರೈಟಾ?

ಜೂನ್‌ನಲ್ಲಿ ಹುಟ್ಟಿದವರಿಗೆ ಆಯ್ಕೆ ಜಾಸ್ತಿ. 1912ರಲ್ಲಿ ಅಮೆರಿಕದ ಆಭರಣ ವ್ಯಾಪಾರಿಗಳು ಯಾವ ತಿಂಗಳಿಗೆ ಯಾವ ಹರಳು ಅಂತ ಪಟ್ಟಿ ಮಾಡಿದಾಗ ಜೂನ್‌ಗೆ ಮುತ್ತು, ಮೂನ್‌ಸ್ಟೋನ್ ಎರಡೂ ಬಂದವು. 1952ರಲ್ಲಿ ಅಲೆಕ್ಸಾಂಡ್ರೈಟ್ ಸೇರಿತು. ಮೂರನ್ನೂ ಉಂಗುರ ಮಾಡಿಸಿ ಹಾಕಿ ನೋಡಿದ್ದೇನೆ. ದಿನಾ ಬೆರಳಲ್ಲಿದ್ದರೂ ಬಾಳಬೇಕು, ಅದೇ ನನ್ನ ಪರೀಕ್ಷೆ.

ಮುತ್ತು ಬೆರಳಿಗೆ ಬೇಡ. ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಹ್ಸ್ ಅಳತೆಯಲ್ಲಿ ಅದು ಬರೀ 2.5ರ ಆಸುಪಾಸು. ಅದರ ಮೈಯೇ ಕ್ಯಾಲ್ಸಿಯಂ ಕಾರ್ಬೋನೇಟ್. ಹಾಗಾಗಿ ಹುಳಿ, ಬೆವರು, ಪರ್ಫ್ಯೂಮ್ ಯಾವುದೂ ಆಗಿಬರುವುದಿಲ್ಲ. ಉಂಗುರದ ಮುತ್ತು ಮಂಕಾಯಿತು, ಓಲೆಯಲ್ಲಿರುವುದು ಹಾಗೇ ಇದೆ. ಮುಖಕ್ಕೆ ಅದು ಕೊಡುವ ಕಳೆ ಬೇರೆ ಹರಳಿಂದ ಬರುವುದಿಲ್ಲ ಬಿಡಿ.

ನನಗೆ ತುಂಬಾ ಇಷ್ಟವಾದದ್ದು ಮೂನ್‌ಸ್ಟೋನ್. ಅದರೊಳಗೆ ಎರಡು ಬಗೆಯ ಫೆಲ್ಡ್‌ಸ್ಪಾರ್ ಖನಿಜ ತೆಳ್ಳಗೆ ಪದರ ಪದರವಾಗಿ ಕೂತಿರುತ್ತದೆ. ಬೆಳಕು ಆ ಪದರಗಳಲ್ಲಿ ಚದುರಿದಾಗ ನೀಲಿ ಮಿನುಗೊಂದು ಒಳಗೇ ತೇಲಿದಂತೆ ಕಾಣುತ್ತದೆ. ಕೈ ಸ್ವಲ್ಪ ತಿರುಗಿಸಿದರೆ ಅದೂ ಜರುಗುತ್ತದೆ. ಎಷ್ಟು ನೋಡಿದರೂ ಸಾಲದು! ಆದರೆ ಗಡಸುತನ 6ರಿಂದ 6.5 ಅಷ್ಟೆ. ಧೂಳಿನಲ್ಲಿರುವ ಕ್ವಾರ್ಟ್ಜ್ ಕಣದ್ದು 7. ಅಂದ್ರೆ ಸುಮ್ನೆ ಬಟ್ಟೆಯಿಂದ ಒರೆಸಿದರೂ ಗೀರು ಬೀಳಬಹುದು. ಸಾಲದ್ದಕ್ಕೆ ಎರಡು ದಿಕ್ಕಿನಲ್ಲಿ ಸುಲಭವಾಗಿ ಸೀಳುವ ಗುಣ ಬೇರೆ. ಬಾಗಿಲಿಗೆ ತಗುಲಿ ನನ್ನ ಹರಳಿನ ಅಂಚಲ್ಲಿ ಚಕ್ಕೆ ಎದ್ದಿತು. ಈಗ ಅದನ್ನೇ ಪೆಂಡೆಂಟ್‌ಗೆ ಕೂರಿಸಿದ್ದೇನೆ. ಅಲ್ಲಿ ಏಟು ಬೀಳುವುದು ಕಡಿಮೆ, ಮಿನುಗೂ ಚೆನ್ನಾಗಿ ಕಾಣುತ್ತದೆ.

ಉಂಗುರಕ್ಕೆ ಅಲೆಕ್ಸಾಂಡ್ರೈಟೇ ಸರಿ. ಗಡಸುತನ 8.5. ಕೆಲಸದ ಕೈಯಲ್ಲೇ ಹಾಕಿದ್ದರೂ ನನ್ನದರ ಮೇಲೆ ಕಣ್ಣಿಗೆ ಕಾಣುವ ಗೀರಿಲ್ಲ. ಒಳಗಿನ ಕ್ರೋಮಿಯಂನಿಂದಾಗಿ ಹಗಲಲ್ಲಿ ಹಸಿರು, ಮೇಣದ ಬತ್ತಿ ಹಚ್ಚಿದರೆ ಕೆಂಪು. ಬಿಳಿ ಎಲ್‌ಇಡಿ ದೀಪದಡಿ ಮಾತ್ರ ಈ ಆಟ ಅಷ್ಟಾಗಿ ನಡೆಯುವುದಿಲ್ಲ. ಅಂಥ ದೀಪದ ಕೆಳಗೇ ದಿನವಿಡೀ ಇರುವವರು ಇದನ್ನು ಯೋಚಿಸಿ ಕೊಳ್ಳಿ. ನೆಲದಿಂದ ಸಿಕ್ಕಿದ್ದು ತೀರಾ ದುಬಾರಿ, ಅದಕ್ಕೇ ನನ್ನದು ಲ್ಯಾಬ್‌ನಲ್ಲಿ ಬೆಳೆಸಿದ್ದು. ರಾಸಾಯನಿಕವಾಗಿ ಎರಡೂ ಒಂದೇ, ಕ್ರೈಸೋಬೆರಿಲ್ ಅನ್ನುವ ಖನಿಜ. ಆದರೆ ವೆನೇಡಿಯಂ ಸೇರಿಸಿದ ಕೃತಕ ಕೊರಂಡಮ್ (ಮಾಣಿಕ್ಯ, ನೀಲಮಣಿಗಳ ಖನಿಜ) ಅನ್ನೂ ಇದೇ ಹೆಸರಲ್ಲಿ ಮಾರುತ್ತಾರೆ. ಅದು ಬೂದು ನೀಲಿಯಿಂದ ನೇರಳೆಗೆ ತಿರುಗುತ್ತದೆ. ಹಾಗಾಗಿ ಕೊಳ್ಳುವ ಮುಂಚೆ ಬಿಸಿಲಿಗೆ ಹಿಡಿಯಿರಿ. ಹಸಿರು ಕಾಣದಿದ್ದರೆ ವಾಪಸ್ ಕೊಟ್ಟುಬಿಡಿ.