ಎಟಿವಿ ಟೈಲ್ ಲೈಟ್ ಮಂಕಾಗಿದೆಯಾ? ಇನ್ನೊಂದು ಲೈಟ್ ಕೊಳ್ಳುವ ಮೊದಲು ಅರ್ಥ್ ನೋಡಿ

ಎಟಿವಿಗೆ (ಕಚ್ಚಾ ದಾರಿಯಲ್ಲಿ ಓಡಿಸುವ ನಾಲ್ಕು ಚಕ್ರದ ಗಾಡಿ) ಹೊರಗೆ ಕೊಂಡ ಎಲ್‌ಇಡಿ ಟೈಲ್ ಲೈಟ್ ಹಾಕಿಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ಗಾಡಿಯಲ್ಲಿ ಹೋಗಿದ್ದು ಬರೀ ದುಡ್ಡಲ್ಲ. ಹಿಂದೆ ಬರುತ್ತಿದ್ದ ಗೆಳೆಯ ಗಾಡಿಯನ್ನು ನನ್ನ ಮೇಲೇ ಹತ್ತಿಸುವುದರಲ್ಲಿದ್ದ. ಇಳಿಜಾರು ದಾರಿ, ಧೂಳೆದ್ದಿತ್ತು, ನಾನು ಬ್ರೇಕ್ ಹಿಡಿದೆ. ಅವನಿಗೆ ಗೊತ್ತೇ ಆಗಲಿಲ್ಲ. ಕೊನೇ ಗಳಿಗೆಯಲ್ಲಿ ಪಕ್ಕಕ್ಕೆ ತಿರುಗಿಸಿಕೊಂಡ. ಆಮೇಲೆ ಅವನು ಹೇಳಿದ್ದು ಇಷ್ಟು: "ಲೈಟ್ ಉರೀತಾನೇ ಇತ್ತು. ಆದರೆ ನೀನು ಬ್ರೇಕ್ ಹಾಕಿದ್ದು ಕಾಣಲೇ ಇಲ್ಲ."

ರೋಗದ ಗುರುತು ಆ ಮಾತಿನಲ್ಲೇ ಇತ್ತು. ಲೈಟ್ ಮಂಕು ಅಂದರೆ ಎಲ್ಲರೂ ಲೈಟನ್ನೇ ಬೈಯುತ್ತಾರೆ. ಆದರೆ ಬ್ರೇಕ್ ಒತ್ತಿದಾಗಲೂ ಬೆಳಕು ಹೆಚ್ಚುಕಮ್ಮಿ ಅಷ್ಟೇ ಇದ್ದರೆ, ಮೊದಲ ಅನುಮಾನ ಅರ್ಥ್ ವೈರಿನ ಮೇಲೆ, ಅಂದರೆ ಕರೆಂಟ್ ಬ್ಯಾಟರಿಯ ಮೈನಸ್‌ಗೆ ವಾಪಸ್ ಹೋಗುವ ದಾರಿಯ ಮೇಲೆ, ಹೋಗಬೇಕು.

ಲೈಟ್ ಹಾಕಿದ್ದು ಒಂದು ವರ್ಕ್‌ಶಾಪ್. ಹೆಸರು ಬೇಡ, ಇಂಥ ಕೆಲಸ ಯಾವ ಊರಲ್ಲಾದರೂ ಆಗಬಹುದು. ಮಂಕಾಗಿದೆ ಎಂದು ಹೇಳಿದಾಗ ಅವರು ಲೈಟಿನ ಪ್ಲಗ್ ಬಿಚ್ಚಿ, ಗಾಡಿ ಕಡೆಯ ಪಿನ್ನುಗಳಿಗೆ ಮೀಟರ್ ಹಿಡಿದರು. 12.5 ವೋಲ್ಟ್ ತೋರಿಸಿತು. "ವೈರಿಂಗ್ ಸರಿ ಇದೆ" ಅಂದರು. ಇಲ್ಲೇ ದಾರಿ ತಪ್ಪಿದ್ದು. ಮೀಟರ್ ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಮ್ಮಿ. ತುಕ್ಕು ಹಿಡಿದ ಜಾಯಿಂಟ್ ಕೂದಲೆಳೆಯಷ್ಟು ತಾಗಿದ್ದರೂ ಅದಕ್ಕೆ ಪೂರ್ತಿ ವೋಲ್ಟೇಜ್ ಸಿಗುತ್ತದೆ. ಜಾಯಿಂಟಿನ ಬಣ್ಣ ಬಯಲಾಗುವುದು ಅದರ ಮೂಲಕ ಕರೆಂಟ್ ಹರಿದಾಗ ಮಾತ್ರ. ಅಂದರೆ ಲೈಟ್ ಹಾಕಿಕೊಂಡೇ ಅಳೆಯಬೇಕು.

ಆಮೇಲೆ ಅವರು ಹೇಳಿದ್ದು, "ಎಲ್‌ಇಡಿ ಕರೆಂಟ್ ಕಮ್ಮಿ ಎಳೆಯುತ್ತೆ, ಗಾಡಿಗೆ ಲೋಡ್ ಸಾಲ್ತಾ ಇಲ್ಲ." ಹಾಗೆ ಹೇಳಿ ಟೈಲ್ ಲೈಟ್ ವೈರಿಗೆ ಒಂದು ಲೋಡ್ ರೆಸಿಸ್ಟರ್ (ಕರೆಂಟ್ ಎಳೆದು ಶಾಖವಾಗಿ ಕಳೆಯುವ ಭಾಗ) ಕಟ್ಟಿದರು. ಚಿನ್ನದ ಬಣ್ಣದ ಅಲ್ಯೂಮಿನಿಯಂ ಕವಚದ್ದು, 6 ಓಮ್, 50 ವ್ಯಾಟ್. ಅದರಿಂದ ಲೈಟ್ ಇನ್ನೂ ಮಂಕಾಯಿತು, ಬಹುತೇಕ ಆರಿಯೇ ಹೋಯಿತು. ಕೊನೆಗೆ "ನಿಮ್ಮ ಲೈಟೇ ಡೂಪ್ಲಿಕೇಟ್" ಎಂದು ಜಾಸ್ತಿ ಬೆಲೆಯ ಇನ್ನೊಂದನ್ನು ಮಾರಿದರು. ಅದೂ ಅಷ್ಟೇ ಮಂಕು.

ಎರಡು ಬೇರೆ ಬೇರೆ ಲೈಟ್ ಒಂದೇ ಥರ ಮಂಕಾದರೆ ತಪ್ಪು ಲೈಟಿನದ್ದಾಗಿರುವುದು ಕಷ್ಟ, ಅಲ್ವಾ? ಹಾಗಾಗಿ ಗಾಡಿಯನ್ನು ಮನೆಗೆ ತಂದು ನಾನೇ ನೋಡಲು ಕೂತೆ.

ಟೈಲ್ ಲೈಟ್ ಆನ್ ಮಾಡಿದೆ. ಬ್ರೇಕ್ ಲಿವರನ್ನು ಹಗ್ಗದಿಂದ ಕಟ್ಟಿ ಒತ್ತಿದ ಹಾಗೇ ಇಟ್ಟೆ. ರೆಸಿಸ್ಟರಿನ ವೈರ್ ಕಳಚಿಟ್ಟೆ. ಮೀಟರನ್ನು ಡಿಸಿ ವೋಲ್ಟ್‌ಗೆ ತಿರುಗಿಸಿ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಲೈಟಿನ ಅರ್ಥ್ ವೈರಿಗೆ ಹಿಡಿದೆ. ಎರಡೂ ಅರ್ಥ್ ಆದ್ದರಿಂದ ಹತ್ತಿರಹತ್ತಿರ ಸೊನ್ನೆ ಬರಬೇಕು. 0.1, 0.2 ವೋಲ್ಟ್ ಬಂದರೆ ತೊಂದರೆಯಿಲ್ಲ. ನನಗೆ ಬಂದದ್ದು 3 ವೋಲ್ಟ್‌ಗಿಂತ ಜಾಸ್ತಿ.

3 ವೋಲ್ಟ್ ತಾನೇ, ಇನ್ನೂ 9 ಉಳಿಯಿತಲ್ಲ ಅನ್ನಿಸಬಹುದು. ಎಲ್‌ಇಡಿ ಲೆಕ್ಕ ಹಾಗಲ್ಲ. ಅಗ್ಗದ ಟೈಲ್ ಲೈಟುಗಳಲ್ಲಿ ಸಾಮಾನ್ಯವಾಗಿ ಮೂರು ಕೆಂಪು ಎಲ್‌ಇಡಿಗಳನ್ನು ಸಾಲಾಗಿ ಜೋಡಿಸಿ, ಜೊತೆಗೊಂದು ಸಣ್ಣ ರೆಸಿಸ್ಟರ್ ಇಟ್ಟಿರುತ್ತಾರೆ. ಒಂದೊಂದು ಎಲ್‌ಇಡಿ ಸುಮಾರು 2 ವೋಲ್ಟ್ ತಿನ್ನುತ್ತದೆ, ಒಟ್ಟು 6. ಬ್ಯಾಟರಿಯ 12.6ರಲ್ಲಿ ರೆಸಿಸ್ಟರಿಗೆ ಉಳಿಯುವುದು 6.6. ಕರೆಂಟ್ ಎಷ್ಟು ಹರಿಯಬೇಕು ಎಂದು ತೀರ್ಮಾನಿಸುವುದು ಈ 6.6. ಅರ್ಥ್‌ನಲ್ಲಿ 3 ಹೋದರೆ ಉಳಿಯುವುದು 3.6, ಅಂದರೆ ಕರೆಂಟ್ ಅರ್ಧಕ್ಕೆ ಹತ್ತಿರ ಇಳಿಯಿತು. ಬ್ರೇಕ್ ಒತ್ತಿದಾಗ ಲೈಟ್ ಜಾಸ್ತಿ ಕರೆಂಟ್ ಕೇಳುತ್ತದೆ. ಕೇಳಿದಷ್ಟೂ ಕೆಟ್ಟ ಜಾಯಿಂಟಿನಲ್ಲಿ ನಷ್ಟವೂ ಜಾಸ್ತಿ. ಹಾಗಾಗಿ ಮಾಮೂಲಿ ಬೆಳಕು ಸುಮಾರಾಗಿ ಕಂಡರೂ ಬ್ರೇಕ್ ಬೆಳಕು ಏಳುವುದೇ ಇಲ್ಲ. ಗೆಳೆಯನಿಗೆ ಕಾಣದೇ ಹೋದದ್ದು ಇದೇ. ರೆಸಿಸ್ಟರ್ ಕಟ್ಟಿದಾಗ ಇನ್ನೂ ಮಂಕಾದದ್ದಕ್ಕೂ ಕಾರಣ ಇದೇ. ಅದರ ಅರ್ಥ್ ವೈರನ್ನೂ ಲೈಟಿನ ಅರ್ಥ್ ಇದ್ದ ಅದೇ ಕೆಟ್ಟ ಬೋಲ್ಟಿಗೆ ಬಿಗಿದಿದ್ದರು.

ಆ ಬೋಲ್ಟ್ ಬಿಚ್ಚಿದಾಗ ನನಗೆ ನಿಜವಾಗಿ ಸಿಟ್ಟು ಬಂತು. ಲೈಟ್ ಕೂರಿಸಿದ್ದ ಬ್ರಾಕೆಟ್ಟಿನ ಪೌಡರ್ ಕೋಟಿಂಗನ್ನು ಒಂಚೂರೂ ಕೆರೆದಿರಲಿಲ್ಲ. ಕಪ್ಪು ಬಣ್ಣ ಹೊಳೆಯುತ್ತಾ ಹಾಗೇ ಇತ್ತು, ಅದರ ಮೇಲೆ ವೈರಿನ ರಿಂಗ್ ಇಟ್ಟು ಬಿಗಿದಿದ್ದರು. ಲೋಹಕ್ಕೆ ತಾಗುತ್ತಿದ್ದದ್ದು ಬೋಲ್ಟಿನ ಥ್ರೆಡ್ ಮಾತ್ರ, ಅದರಲ್ಲೂ ಕೆಸರು ಒಣಗಿ ತುಕ್ಕು ಹಿಡಿದಿತ್ತು. ಪ್ಲಸ್ ಕಡೆ ವೈರ್ ಜೋಡಿಸಲು ಒತ್ತಿ ಕೂರಿಸುವ ನೀಲಿ ಕ್ಲಿಪ್ ಹಾಕಿದ್ದರು. ತೆರೆದು ನೋಡಿದರೆ ತಾಮ್ರದ ಎಳೆಗಳು ಅರ್ಧ ಕತ್ತರಿಸಿ, ಉಳಿದವು ಹಸಿರುಗಟ್ಟಿದ್ದವು. ನೀರು, ಕೆಸರು, ಕುಲುಕಾಟ ಇರುವ ಗಾಡಿಗೆ ಆ ಕ್ಲಿಪ್ ಹಾಕಲು ಯಾರಿಗೂ ಬಿಡಬೇಡಿ.

ಮೀಟರ್ ಇಲ್ಲದವರೂ ಪರೀಕ್ಷೆ ಮಾಡಬಹುದು. ಒಂದು ಉದ್ದ ವೈರ್ ತೆಗೆದುಕೊಂಡು ಬ್ಯಾಟರಿ ಮೈನಸ್‌ನಿಂದ ಲೈಟಿನ ಅರ್ಥ್ ವೈರಿಗೆ ನೇರ ಮುಟ್ಟಿಸಿ. ಲೈಟ್ ತಟ್ಟನೆ ಜೋರಾದರೆ ಕಾಯಿಲೆ ಅರ್ಥ್‌ನದ್ದೇ. ವೈರ್ ಅಪ್ಪಿತಪ್ಪಿಯೂ ಪ್ಲಸ್‌ಗೆ ತಾಗದಂತೆ ನೋಡಿಕೊಳ್ಳಿ.

ರಿಪೇರಿ ದೊಡ್ಡದೇನಲ್ಲ. ವಾಷರ್ ಕೂರುವಷ್ಟು ಜಾಗದಲ್ಲಿ ಬಣ್ಣ ಕೆರೆದು ಹೊಳೆಯುವ ಲೋಹ ಕಾಣಿಸಿದೆ. ಹೊಸ ರಿಂಗ್, ಹಲ್ಲಿರುವ ಸ್ಟಾರ್ ವಾಷರ್ ಹಾಕಿ ಬಿಗಿದು, ಮೇಲೆ ಗ್ರೀಸ್ ಸವರಿದೆ. ಕ್ಲಿಪ್ಪಿನ ಜಾಗದಲ್ಲಿ ವೈರುಗಳನ್ನು ಲೋಹದ ತೋಳಿನಲ್ಲಿ ಒತ್ತಿ ಕೂಡಿಸಿ (ಕ್ರಿಂಪ್), ಒಳಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಬಿಗಿಯುವ ಕೊಳವೆ) ಹಾಕಿದೆ. ಬ್ರಾಕೆಟ್ ಪ್ಲಾಸ್ಟಿಕ್ ಮೇಲೆ ಕೂತಿದ್ದರೆ ಅದನ್ನು ನಂಬಬೇಡಿ, ಅರ್ಥ್ ವೈರನ್ನು ಸೀದಾ ಬ್ಯಾಟರಿಗೇ ಎಳೆಯಿರಿ. ನನ್ನ ಮೊದಲ ಅಗ್ಗದ ಲೈಟೇ ಹಗಲು ಬೆಳಕಿನಲ್ಲೂ ಚೆನ್ನಾಗಿ ಕಂಡಿತು.

ಇನ್ನೊಂದು ಅಪಾಯ ಆಮೇಲೆ ಎದುರಾಯಿತು. ಅರ್ಥ್ ಸರಿಯಾದ ಮೇಲೆ ರೆಸಿಸ್ಟರನ್ನು ಒಮ್ಮೆ ವಾಪಸ್ ಜೋಡಿಸಿ ನೋಡಿದೆ. ಸ್ವಲ್ಪ ಹೊತ್ತಿಗೇ ಪ್ಲಾಸ್ಟಿಕ್ ಸುಟ್ಟ ವಾಸನೆ. ಈಗ ಅದಕ್ಕೂ ಪೂರ್ತಿ ಕರೆಂಟ್ ಸಿಗುತ್ತಿತ್ತು. ಎಂಜಿನ್ ಓಡುವಾಗ 13.8 ವೋಲ್ಟ್ ಇದ್ದರೆ 6 ಓಮ್ ರೆಸಿಸ್ಟರ್ 30 ವ್ಯಾಟ್‌ಗಿಂತ ಜಾಸ್ತಿ ಶಾಖ ಕಕ್ಕುತ್ತದೆ. ಅದನ್ನು ಫೆಂಡರ್ ಪ್ಲಾಸ್ಟಿಕ್ಕಿಗೇ ಅಂಟಿಸಿದ್ದರು, ಆ ಜಾಗ ಮೆತ್ತಗಾಗಿ ಗುಳಿ ಬಿದ್ದಿತ್ತು. ಲೋಡ್ ರೆಸಿಸ್ಟರ್ ಇರುವುದು ಎಲ್‌ಇಡಿ ಹಾಕಿದ ಮೇಲೆ ಇಂಡಿಕೇಟರ್ ಪಟಪಟ ಬೇಗ ಮಿಟುಕದಿರಲಿ ಎಂದು. ಮಂಕಾದ ಟೈಲ್ ಲೈಟಿಗೂ ಅದಕ್ಕೂ ಸಂಬಂಧವೇ ಇಲ್ಲ. ಟೈಲ್ ಲೈಟಿಗೆ ಯಾರಾದರೂ ಕಟ್ಟಿದ್ದರೆ ಇವತ್ತೇ ಕಿತ್ತು ಹಾಕಿ.

ಅರ್ಥ್ ಸರಿ ಇದ್ದೂ ಮಂಕಾಗಿದ್ದರೆ ಟೈಲ್ ವೈರ್, ಬ್ರೇಕ್ ವೈರ್ ಅದಲುಬದಲಾಗಿದೆಯಾ ನೋಡಿ. ವೈರಿನ ಬಣ್ಣ ನಂಬಬೇಡಿ, ಒಬ್ಬೊಬ್ಬ ತಯಾರಕರದ್ದು ಒಂದೊಂದು ಥರ. ಕೆಂಪು ಗಾಜಿನ ಹಿಂದೆ ಬಿಳಿ ಎಲ್‌ಇಡಿ ಬಲ್ಬ್ ಇದ್ದರೂ ಬೆಳಕಿನ ಬಹುಪಾಲು ಗಾಜಿನಲ್ಲೇ ಹೋಗುತ್ತದೆ, ಕೆಂಪು ಬಲ್ಬನ್ನೇ ಹಾಕಿ. ಕೆಲವು ಚಿಕ್ಕ, ಹಳೆಯ ಎಟಿವಿಗಳಲ್ಲಿ ಲೈಟಿಗೆ ಬರುವುದು ಬ್ಯಾಟರಿ ಕರೆಂಟಲ್ಲ, ಸ್ಟೇಟರಿನಿಂದ (ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಸುರುಳಿ) ನೇರ ಬರುವ ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್. ಅಲ್ಲಿ ಎಲ್‌ಇಡಿ ಅರ್ಧ ಹೊತ್ತು ಮಾತ್ರ ಉರಿಯುತ್ತದೆ, ಐಡಲ್‌ನಲ್ಲಿ ನಡುಗುತ್ತದೆ. ಎಂಜಿನ್ ಓಡುವಾಗ ಲೈಟ್ ವೈರಿನಲ್ಲಿ ಡಿಸಿ ಸೊನ್ನೆಯ ಹತ್ತಿರ ಬಂದು ಎಸಿ ಮಾತ್ರ ಜಾಸ್ತಿ ತೋರಿಸಿದರೆ ನಿಮ್ಮದು ಅಂಥ ಗಾಡಿ. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಹಾಕಿಸುವವರೆಗೆ ಹಳೆಯ ಫಿಲಮೆಂಟ್ ಬಲ್ಬೇ ಇರಲಿ.